ಕಾಳಜಿ ವರದಿ

"ನಿನ್ನ ಬಾಯಿಂದ ಆ ಗಣಿ ಗುಡ್ಡದ ರಾಗ ಇನ್ನೂ ಹೋಗಿಲ್ವಲ್ಲ ಕೋರಾ," ಎಂದರು ಡಾ. ಹಾಲ್‌ಸ್ಟೆಡ್, ಸಕ್ಕರೆ ಬೆರೆಸಿದ ದನಿಯಲ್ಲಿ. "ಮಕ್ಕಳ ತಂದೆತಾಯಿ ಫೋನ್ ಮಾಡ್ತಾರೆ. ನಿನ್ನ ಮಾತು ಕೇಳಿದ್ರೆ ನೆಲ ಒರೆಸೋಳು ಫೋನ್ ಎತ್ತಿದಾಳೆ ಅಂದ್ಕೋತಾರೆ. ಬೇಜಾರ್ ಮಾಡ್ಕೋಬೇಡ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ನಾನು "ಥ್ಯಾಂಕ್ಸ್ ಮೇಡಂ" ಅಂದೆ. ಥೂ ನನ್ನ ಜನ್ಮಕ್ಕೆ! ನೆಲ ಒರೆಸುವವಳ ಮಗಳೇ ನಾನು. ಕೆಂಟಕಿಯ ಗಣಿ ಗುಡ್ಡಗಳ ನಡುವಿನ ಒಂದು ಆಸ್ಪತ್ರೆಯಲ್ಲಿ ನಮ್ಮವ್ವ ಇವತ್ತಿಗೂ ಒರೆಸುತ್ತಾಳೆ.

ಓಹಾಯೋದ ಈ ಊರಿಗೆ ನಾನು ಬಂದಿದ್ದು ಎಂ.ಎ. ಓದಲು. ಕಾಲೇಜು ಮಕ್ಕಳ ಯೋಗಕ್ಷೇಮ ನೋಡಿಕೊಳ್ಳುವುದನ್ನೇ ಕಸುಬು ಮಾಡಿಕೊಳ್ಳುವವರಿಗೆ ಎರಡು ವರ್ಷದ ಓದು ಅದು. ಶುಲ್ಕವಿಲ್ಲ, ಬದಲಿಗೆ ಒಂದು ಹಾಸ್ಟೆಲಿನ ಉಸ್ತುವಾರಿ, ಅದರ ನೆಲಮಹಡಿಯಲ್ಲೇ ಒಂದು ಕೋಣೆ. ವಾರಕ್ಕೆ ಇಪ್ಪತ್ತು ತಾಸಿನ ಕೆಲಸ ಎಂದು ಕಾಗದ ಹೇಳುತ್ತದೆ. ಮುನ್ನೂರು ಹುಡುಗಿಯರ ಜ್ವರ, ಜಗಳ, ಅಳು, ಮೆಟ್ಟಿಲ ಮೇಲಿನ ವಾಂತಿ ಇದೆಲ್ಲ ಆ ಕಾಗದಕ್ಕೆ ಗೊತ್ತಿಲ್ಲ. ಹಾಲ್‌ಸ್ಟೆಡ್ ಎಲ್ಲ ಹಾಸ್ಟೆಲುಗಳ ಮುಖ್ಯಸ್ಥೆ. ಮಂಗಳವಾರ ನಮಗೆ ಪಾಠ ಹೇಳುವವರೂ ಅವರೇ. ನನ್ನ ಅಂಕ, ನನ್ನ ಸೂರು, ನಾಳೆ ಕೆಲಸಕ್ಕೆ ಬೇಕಾದ ಶಿಫಾರಸು ಪತ್ರ, ಮೂರರ ಜುಟ್ಟೂ ಅವರ ಕೈಯಲ್ಲೇ ಇತ್ತು.

ಡಿಸೆಂಬರಿನಲ್ಲಿ ಪರೀಕ್ಷೆ ಮುಗಿದ ಮೇಲೆ ಹಾಸ್ಟೆಲನ್ನು ಒಂದು ತಿಂಗಳು ಮುಚ್ಚುತ್ತಾರೆ. ಎಲ್ಲರಿಗೂ ಮನೆ ಇದೆ ಎಂಬ ನಂಬಿಕೆಯ ಮೇಲೆ ಮುಚ್ಚುತ್ತಾರೆ. ಅದಕ್ಕೆ ಎರಡು ವಾರ ಮೊದಲು ಮೂರನೇ ಮಹಡಿಯ ಜಾನೆಲ್ ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನನ್ನು ಹಿಡಿದುಕೊಂಡಳು. ಸರ್ಕಾರ ದುಡ್ಡು ಕೊಟ್ಟು ಇರಿಸಿದ ಒಂಬತ್ತು ಸಾಕುಮನೆಗಳಲ್ಲಿ ಬೆಳೆದ ಹುಡುಗಿ. ಹದಿನೆಂಟು ತುಂಬಿ ಆ ದುಡ್ಡು ನಿಂತ ದಿನ ಕೊನೆಯ ಮನೆಯವರು ಅವಳ ಬಟ್ಟೆಯನ್ನು ಕಸದ ಚೀಲಕ್ಕೆ ತುಂಬಿ ಕೊಟ್ಟಿದ್ದರು.

"ಕೋರಕ್ಕಾ, ರಜದಾಗೆ ನಾನ್ ಎಲ್ಲಿಗೆ ಹೋಗ್ಲಿ?"

"ಹೋದ ತಿಂಗ್ಳು ಹಬ್ಬಕ್ಕೆ ನಾಕ್ ದಿನ ಮುಚ್ಚಿತ್ತಲ್ಲ, ಆವಾಗ ಎಲ್ಲಿದ್ದೆ?"

"ರೂಮಲ್ಲೇ ಇದ್ದೆ. ಲೈಟ್ ಆರಿಸ್ಕಂಡು. ಬ್ರೆಡ್ ಇತ್ತು. ಯಾರ್ಗೂ ಹೇಳ್ಬ್ಯಾಡ ಅಕ್ಕಾ."

ಅವಳು ಹೋದ ಮೇಲೆ, ಆ ಕೋಣೆಯಲ್ಲೇ ನೆಲ ಒರೆಸುತ್ತಿದ್ದ ವೆರ್ನಾ ಕೋಲನ್ನು ಗೋಡೆಗೆ ಆನಿಸಿದಳು. ಇಪ್ಪತ್ತೆರಡು ವರ್ಷ ಈ ಹಾಸ್ಟೆಲಿನ ಕಕ್ಕಸು ತೊಳೆದ ಜೀವ.

"ಆ ಕೂಸಿನ ಇಸ್ಯ ಕಾಗ್ದದ ಮೇಲೆ ಬರೀಬ್ಯಾಡ ಕಣಮ್ಮಿ. ಸುಮ್ಕೆ ನಿನ್ ಕ್ವಾಣೇಲಿ ಮಲಗಿಸ್ಕೊ. ಈ ಬೇವರ್ಸಿಗಳ್ಗೆ ಕಾಗ್ದ ಸಿಕ್ರೆ ಮುಗೀತು."

"ಹಂಗಲ್ಲ ವೆರ್ನಾ. ವರದಿ ಕೊಟ್ರೆ ಕಾಲೇಜಿನ ಕಮಿಟಿಯೋರು ಕುಂತು ಏನಾದ್ರೂ ದಾರಿ ಮಾಡ್ತಾರೆ. ಕ್ಲಾಸಲ್ಲಿ ಹೇಳ್ಕೊಟ್ಟವ್ರೆ."

"ಓದಿದೋಳು ನೀನು. ನಂಗೇನ್ ಗೊತ್ತು," ಎಂದು ವೆರ್ನಾ ಕೋಲನ್ನು ನೀರಿಗೆ ಅದ್ದಿದಳು.

ನಾನು ಬರೆದೆ. ಅದಕ್ಕೆ 'ಕಾಳಜಿ ವರದಿ' ಎಂದು ಹೆಸರು. ಕಷ್ಟವನ್ನು ಪುರಾವೆ ಸಮೇತ ತೋರಿಸಬೇಕು, ದಿನಾಂಕ ಇರಬೇಕು, ಆಗಲೇ ಕಮಿಟಿಗೆ ತುರ್ತು ಅರ್ಥವಾಗುತ್ತದೆ ಎಂದು ಪಾಠದಲ್ಲಿ ಹೇಳಿದ್ದರು. ಅದಕ್ಕೇ ನವೆಂಬರಿನ ನಾಲ್ಕು ದಿನ, ಆರಿಸಿದ ಲೈಟು, ಬ್ರೆಡ್ಡು ಎಲ್ಲ ಬರೆದೆ. ಬರೆದು ಮುಗಿಸಿದಾಗ ನನಗೆ ಹೆಮ್ಮೆಯಾಗಿತ್ತು. ಅದನ್ನು ಹೇಳಲು ಈಗ ನಾಚಿಕೆಯಾಗುತ್ತದೆ.

ಹತ್ತು ದಿನ ಉತ್ತರವಿಲ್ಲ. ಹಾಸ್ಟೆಲು ಮುಚ್ಚುವ ಶನಿವಾರ ಬೆಳಿಗ್ಗೆ ಹಾಲ್‌ಸ್ಟೆಡ್ ಕರೆಸಿದರು.

"ವರದಿ ತುಂಬಾ ಚೆನ್ನಾಗಿ ಬರ್ದಿದೀಯ. ಮುಚ್ಚಿದ ಕಟ್ಟಡದಲ್ಲಿ ಒಬ್ಳು ಇದ್ಲು ಅಂತ ನಿನ್ನಿಂದಾನೇ ಗೊತ್ತಾಗಿದ್ದು. ನಿಯಮ ಮುರಿದಿದಾಳೆ, ಕೋಣೆ ರದ್ದಾಗಿದೆ. ಇನ್ನು ವಾಪಸ್ ಬರೋ ಹಾಗಿಲ್ಲ. ಮಧ್ಯಾಹ್ನದೊಳಗೆ ಖಾಲಿ ಮಾಡಿಸು."

"ಮೇಡಂ, ಅವ್ಳು ಎಲ್ಲಿಗೆ ಹೋಗ್ಬೇಕು?"

"ಆಶ್ರಯ ಕೇಂದ್ರದ ನಂಬರ್ ಕೊಡು."

"ಫೋನ್ ಮಾಡಿದ್ದೆ. ಜಾಗ ಇಲ್ಲಂತೆ. ನನ್ ಕೋಣೇಲಿ ಇಟ್ಕೊಳ್ಲಾ?"

"ನಿನ್ನ ಕೋಣೇನೂ ನಮ್ದೇ ಅಲ್ವಾ ಕೋರಾ?" ಅವರು ನಕ್ಕರು. ಅವತ್ತು ಒಂದು ಗಂಟೆಗೆ ಪದವಿ ಪ್ರದಾನವಿತ್ತು. ಮಾತಾಡುತ್ತಲೇ ಕಪ್ಪು ನಿಲುವಂಗಿ ತೊಟ್ಟು ಕನ್ನಡಿಯಲ್ಲಿ ಕೊರಳಪಟ್ಟಿ ಸರಿಮಾಡಿಕೊಂಡರು. "ನಿನ್ನ ಮೇಲೆ ಆ ಹುಡುಗಿಗೆ ನಂಬಿಕೆ ಇದೆ. ಅದಕ್ಕೇ ನೀನೇ ಹೋಗಿ ಕೀ ಇಸ್ಕೊ. ಅದನ್ನೇ ಕೊನೇ ಪ್ರಬಂಧಕ್ಕೆ ಬರಿ, ಒಳ್ಳೆ ಅನುಭವ."

ಜಾನೆಲ್ ಬಾಗಿಲು ತೆರೆದಾಗ ಅವಳ ಕೈಯಲ್ಲಿ ಆಗಲೇ ಕಚೇರಿಯ ಪತ್ರವಿತ್ತು. ನನ್ನ ವಾಕ್ಯಗಳನ್ನೇ ಎತ್ತಿ ಅದರಲ್ಲಿ ಹಾಕಿದ್ದರು.

"ಬ್ರೆಡ್ ತಿಂದಿದ್ದೂ ಬರ್ದಿದೀಯಲ್ಲೇ," ಅಂದಳು. ಅವಳು ನನ್ನನ್ನು ಅಕ್ಕಾ ಅನ್ನಲಿಲ್ಲ.

"ನಿನ್ ಒಳ್ಳೇದಕ್ಕೇ..." ಎಂದು ಶುರುಮಾಡಿದವಳು ನಿಲ್ಲಿಸಿದೆ. ಯಾರ ಮಾತು ನನ್ನ ಬಾಯಿಂದ ಬರುತ್ತಿದೆ ಎಂದು ಮೈಯೆಲ್ಲ ಉರಿದುಹೋಯಿತು. ಎರಡು ವರ್ಷದಲ್ಲಿ ಇವರು ನನ್ನನ್ನು ಏನು ಮಾಡಲು ಹೊರಟಿದ್ದರೋ, ಒಂದೂವರೆ ವರ್ಷದಲ್ಲೇ ಮಾಡಿ ಮುಗಿಸಿದ್ದರು.

"ಹಾಸಿಗೆ ಆ ತುದಿ ಹಿಡಿ," ಅಂದೆ.

"ಯಾಕೆ?"

"ಹಿಡಿಯೇ, ನಿನ್ನಜ್ಜಿ ಪಿಂಡ! ಹಿಡಿ ಅಂದ್ರೆ ಹಿಡಿ."

ಮೂರು ಮಹಡಿ ಮೆಟ್ಟಿಲು ಇಳಿಸುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಕೆಳಗೆ ವೆರ್ನಾ ಏನೂ ಕೇಳದೆ ಎರಡೂ ಕದ ತೆಗೆದು ಹಿಡಿದಳು. ಪದವಿ ಸಭಾಂಗಣಕ್ಕೆ ಹೋಗುವ ದಾರಿ ನಮ್ಮ ಹಾಸ್ಟೆಲಿನ ಮುಂದೆಯೇ ಹಾಯುತ್ತದೆ. ಅದರ ನಟ್ಟನಡುವೆ, ಹಿಮದ ಮೇಲೆ, ಹಾಸಿಗೆ ಕೆಡವಿ ಇಬ್ಬರೂ ಅದರ ಮೇಲೆ ಕೂತೆವು.

ಹೂಗುಚ್ಛ, ಬಲೂನು ಹಿಡಿದ ಕುಟುಂಬಗಳು ನಿಂತವು. ಹಿಂದಿನವರು ಮುಂದಿನವರ ಹೆಗಲ ಮೇಲಿಂದ ಇಣುಕಿದರು. ಮೊಮ್ಮಗನ ಪದವಿ ನೋಡಲು ಬಂದ ಮುದುಕಿಯೊಬ್ಬಳು ಜಾನೆಲ್‌ಳನ್ನು ಕೇಳಿದಳು.

"ಯಾರ್ ಮಗಳವ್ವಾ ನೀನು? ಚಳೀಲಿ ಯಾಕೆ ಕುಂತಿದೀಯ?"

"ಯಾರ್ ಮಗಳೂ ಅಲ್ಲ ಅಜ್ಜಿ," ಅಂದಳು ಜಾನೆಲ್. "ಇಲ್ಲೇ ಓದ್ತೀನಿ."

ನಿಲುವಂಗಿಯವರ ಸಾಲಿನಿಂದ ಹಾಲ್‌ಸ್ಟೆಡ್ ಬೇಗಬೇಗ ಬಂದರು. ಅಂಚು ಕೆಸರಾಗದಂತೆ ಬಟ್ಟೆ ಎತ್ತಿ ಹಿಡಿದಿದ್ದರು. ಜನರ ಕಡೆ ನಗು, ನನ್ನ ಕಡೆ ಹಲ್ಲು.

"ಕೋರಾ, ಏಳು. ಆಫೀಸಲ್ಲಿ ಕೂತು ಮಾತಾಡೋಣ. ನಾವೆಲ್ಲ ನಿನ್ನ ಜೊತೆ ಇದೀವಿ."

"ಜೊತೆ ಇದ್ರೆ ಕುಂತ್ಕಳಿ," ಅಂದೆ, ಹಾಸಿಗೆ ತಟ್ಟಿ ತೋರಿಸಿ. "ಜಾಗ ಐತೆ."

ಅವರು ಕೂರಲಿಲ್ಲ. ನಿಲುವಂಗಿಯ ತೋಳಿನೊಳಗಿಂದ ಫೋನು ತೆಗೆದು ಪೊಲೀಸರಿಗೆ ನನ್ನ ಹೆಸರು ಹೇಳಿದರು. ಅಕ್ಷರ ಅಕ್ಷರವಾಗಿ ಹೇಳಿದರು. ಜಾನೆಲ್ ಬಗ್ಗಿ ಬೂಟಿನ ದಾರ ಬಿಚ್ಚಿದಳು. ಎರಡೂ ಬೂಟುಗಳನ್ನು ಹಾಸಿಗೆಯ ಪಕ್ಕ ಹಿಮದಲ್ಲಿ ಜೋಡಿಸಿಟ್ಟು, ಅಷ್ಟು ಜನರ ಮುಂದೆ, ತನ್ನ ಕೋಣೆಯಲ್ಲಿ ಗೋಡೆಯ ಕಡೆ ತಿರುಗುವವಳಂತೆ, ಅವರಿಗೆ ಬೆನ್ನು ಮಾಡಿ ಮಲಗಿದಳು.