ಮೂರು ಮಾತ್ರೆಗೆ ಎಷ್ಟು ಕಾಲು?

ಅಜ್ಜಿಗೆ ಬಿ.ಪಿ. ಜಾಸ್ತಿಯಾಗಿತ್ತು. ಡಾಕ್ಟರು ಮೂರು ಮಾತ್ರೆ ಕೊಟ್ಟು, ದಿನಕ್ಕೆ ಕಾಲು ಮಾತ್ರೆ ಎಂದಿದ್ದರು. ಪಕ್ಕದ ಮನೆಯ ನರ್ಸಮ್ಮ ಅಂಗಡಿಗೇ ಬಂದು, ಟೈಲರ್ ಆಗಿದ್ದ ಅಜ್ಜಿಯ ಮಗನಿಗೆ ಇನ್ನೊಮ್ಮೆ ಬಿಡಿಸಿ ಹೇಳಿದರು.

"ಒಂದು ಮಾತ್ರೇಲಿ ನಾಲ್ಕು ಕಾಲು. ಮೂರರಲ್ಲಿ ಹನ್ನೆರಡು. ಹನ್ನೆರಡು ದಿನ ಬರುತ್ತೆ ಅಣ್ಣ."

ಟೈಲರ್ ಮಿಷನ್ನಿನಿಂದ ತಲೆ ಎತ್ತಲಿಲ್ಲ. "ಚೂರುಪಾರು ತಿಂದ್ರೆ ಯಾವ ಕಾಯಿಲೆ ವಾಸಿಯಾಗುತ್ತೆ ನರ್ಸಮ್ಮ?"

"ನಿಮ್ಮಮ್ಮನ ಮೈಗೆ ಸದ್ಯಕ್ಕೆ ಅಷ್ಟೇ ಸಾಕು."

"ಮೂರು ಮಾತ್ರೆ, ಮೂರು ದಿನ. ನನಗೂ ಲೆಕ್ಕ ಬರುತ್ತೆ ಬಿಡಿ."

ಮನೆಯಲ್ಲಿ ಅವನ ಹೆಂಡತಿ ಮಾತ್ರೆ ಕತ್ತರಿಸಲು ಬ್ಲೇಡ್ ಹಿಡಿದು ಕೂತಿದ್ದಳು. ಅವನು ಮಾತ್ರೆ ಕಿತ್ತುಕೊಂಡು ಇಡಿಯಾಗಿ ತಾಯಿಯ ಅಂಗೈಗೆ ಹಾಕಿದ. "ಪೂರ್ತಿ ನುಂಗಮ್ಮ, ಬೇಗ ಹುಷಾರಾಗ್ತೀಯ."

ಮಗನೇ ಹೇಳಿದ ಮೇಲೆ ಇನ್ನೇನು? ಅಜ್ಜಿ ನುಂಗಿದಳು. ಮಾರನೇ ದಿನವೂ ನುಂಗಿದಳು. ಆ ಮಧ್ಯಾಹ್ನ ಬಚ್ಚಲಿಗೆ ಹೋದವಳು ಬಿ.ಪಿ. ತೀರಾ ಇಳಿದು, ಕಣ್ಣು ಕತ್ತಲೆ ಬಂದು ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಆಪರೇಷನ್ ಆಯಿತು. ಆದರೂ ಅಜ್ಜಿ ಮತ್ತೆ ನಡೆಯಲಿಲ್ಲ. ಅಂಗಡಿಯ ಅಂಗಿಗಳಿಗೆಲ್ಲ ಗುಂಡಿ ಹಾಕಿಕೊಡುತ್ತಿದ್ದವಳು ಈಗ ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ.

ನೋಡಲು ಬಂದ ನರ್ಸಮ್ಮ ಬಯ್ಯಲಿಲ್ಲ. "ಮೂರು ಮೀಟರ್ ಬಟ್ಟೆಯಿಂದ ಕಾಲು ಮೀಟರಿನ ತುಂಡು ಎಷ್ಟು ಬರುತ್ತೆ ಅಣ್ಣ?" ಎಂದರು.

"ಹನ್ನೆರಡು."

"ಹೇಗೆ?"

"ಮೀಟರಿಗೆ ನಾಲ್ಕು. ನಾಲ್ಕು ಮೂರ್ಲ ಹನ್ನೆರಡು..." ಅವನು ಅಮ್ಮನ ಹಾಸಿಗೆಯತ್ತ ತಿರುಗಿದ. "ಕಂಡೋರ ಬಟ್ಟೆ ಹಾಳಾದೀತು ಅಂತ ಎರಡೆರಡು ಸಲ ಅಳೀತೀನಿ ನರ್ಸಮ್ಮ. ಅಮ್ಮನ ವಿಷಯದಲ್ಲಿ..."

ಅಜ್ಜಿ ಮುಖ ತಿರುಗಿಸದೆಯೇ ಅಂದಳು: "ಕಾಲು ಕೊಡು ಅಂದಿದ್ರು ಡಾಕ್ಟರು. ನೀನು ನನ್ನ ಕಾಲೇ ಕಿತ್ಕೊಂಡ್ಯಲ್ಲೋ."

ಈಗ ಆ ಮನೆಯಲ್ಲಿ ಯಾವ ಮಾತ್ರೆ ಬಂದರೂ ಮೊದಲು ನರ್ಸಮ್ಮನಿಗೆ ತೋರಿಸುತ್ತಾರೆ. ಮಗನೇ ಕೂತು ಕಾಲು ಭಾಗಗಳನ್ನು ಎಣಿಸುತ್ತಾನೆ. ಆದರೆ ಕೊಡುವುದು ಸೊಸೆ. ಮಗ ಕೊಟ್ಟರೆ ಅಜ್ಜಿ ಬಾಯಿ ತೆರೆಯುವುದಿಲ್ಲ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಒಂದು ಮಾತ್ರೆಗೆ ಎರಡು ಅರ್ಧ, ನಾಲ್ಕು ಕಾಲು. ಅರ್ಧ ಎಂದಿದ್ದರೆ ಮಾತ್ರೆಗಳನ್ನು ಎರಡರಿಂದ ಗುಣಿಸಿ, ಕಾಲು ಎಂದಿದ್ದರೆ ನಾಲ್ಕರಿಂದ. ಅಷ್ಟು ಸಲಕ್ಕೆ ಬರುತ್ತದೆ. ಎಲ್ಲ ಮಾತ್ರೆಯನ್ನೂ ಕತ್ತರಿಸುವಂತಿಲ್ಲ, ಅದನ್ನೂ ಕೇಳಿಕೊಳ್ಳಿ. ಕೇಳಲು ನಾಚಿಕೆಪಡಬೇಡಿ. ನುಂಗಿಸುವ ಮೊದಲೇ ಕೇಳಿ.