ಮೇಜಿನ ಕಾಲಡಿಯ ಫೋನು

ನಮ್ಮ ಮನೆಯ ಚಿಕ್ಕ ಕೋಣೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಒಳಗೆ ಹೋಗಬೇಕೆಂದರೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನುಸುಳಬೇಕು. ಬಾಗಿಲಿನ ಹಿಂದೆ ಅಲ್ಲಾಡದೆ ಕುಳಿತಿದ್ದದ್ದು ಒಂದು ಹಳೆಯ ಟಿವಿ. ಹಿಂದುಗಡೆ ದೊಡ್ಡ ಗೂನು ಇರುವಂಥದ್ದು, ಇಬ್ಬರು ಹಿಡಿದರೂ ಏದುಸಿರು ಬರಿಸುವಂಥದ್ದು. ಅದರ ಮೇಲೆ ಇನ್ನೊಂದು ಟಿವಿ. ಅದರ ಮೇಲೆ ಜಾರ್ ಇಲ್ಲದ ಮಿಕ್ಸಿ. ಪಕ್ಕದಲ್ಲಿ ಕಂಪ್ಯೂಟರು, ರೆಕ್ಕೆ ಕಳೆದುಕೊಂಡ ಫ್ಯಾನು, ಸುಟ್ಟ ಇಸ್ತ್ರಿಪೆಟ್ಟಿಗೆ, ಬಾಯಿ ಬಿಟ್ಟ ಟೇಪ್ ರೆಕಾರ್ಡರು, ಒಂದು ಪುಟ್ಟ ರೇಡಿಯೊ, ಉರಿಯದ ಟ್ಯೂಬ್‌ಲೈಟುಗಳು. ಇವುಗಳ ನಡುವೆ ಚಾರ್ಜರುಗಳ ಒಂದು ದೊಡ್ಡ ಗಂಟು. ಯಾವುದು ಯಾವ ಫೋನಿನದೋ ದೇವರಿಗೇ ಗೊತ್ತು.

ಇದೆಲ್ಲ ನಮ್ಮ ಮಾವನವರ ಆಸ್ತಿ. ಬಸ್ ಓಡಿಸಿ ನಿವೃತ್ತರಾದವರು ಅವರು. ಮನೆಯಲ್ಲಿ ಒಂದು ಸಲ ದುಡಿದ ಯಾವ ಯಂತ್ರವನ್ನೂ ಹೊರಗೆ ಹಾಕಲು ಅವರಿಗೆ ಮನಸ್ಸೇ ಬಾರದು. ನನ್ನ ಗಂಡ ಹೇಳಿ ಹೇಳಿ ಕೈಚೆಲ್ಲಿದ್ದರು. ನಾನು ಮಾತ್ರ ಬಿಟ್ಟಿರಲಿಲ್ಲ.

"ಮಾವ, ಈ ಮಿಕ್ಸಿ ಕೆಟ್ಟು ಎಷ್ಟು ಕಾಲ ಆಯ್ತು?"

"ಕೆಟ್ಟಿಲ್ಲಮ್ಮ, ಮಲಗಿದೆ. ಒಂದಿನ ಏಳುತ್ತೆ."

"ಏಳೋಕೆ ಯಾರಾದ್ರೂ ಎಬ್ಬಿಸ್ಬೇಕಲ್ಲ," ಎಂದು ಅತ್ತೆ ಅಡುಗೆಮನೆಯಿಂದಲೇ ಹೇಳುತ್ತಿದ್ದರು. "ನೀವು ನೋಡಿದ್ರೆ ಜೋಗುಳ ಹಾಡ್ತಾ ಕೂತಿದ್ದೀರಿ."

ನಾನು ಟೈಲರ್. ನನ್ನ ಹೊಲಿಗೆ ಮಿಷನ್ ಇದ್ದದ್ದು ಮುಂದಿನ ಕೋಣೆಯಲ್ಲಿ, ಎಲ್ಲರೂ ಓಡಾಡುವ ಜಾಗದಲ್ಲಿ. ನೆಲದ ಮೇಲೆ ಬಟ್ಟೆ ಹರಡಿ ಕತ್ತರಿಸಲು ಕುಳಿತೆನೆಂದರೆ ಮನೆಮಂದಿಯೆಲ್ಲ ಕೊಕ್ಕರೆಯ ಹಾಗೆ ಒಂಟಿ ಕಾಲಿನಲ್ಲಿ ದಾಟಬೇಕಾಗುತ್ತಿತ್ತು. ಹೀಗಿರುವಾಗ ಪಕ್ಕದ ಶಾಲೆಯ ಹೆಡ್‌ಮೇಡಂ ಒಂದು ದಿನ ಬಂದು ನನ್ನ ಹೊಲಿಗೆಯನ್ನು ತಿರುವಿ ತಿರುವಿ ನೋಡಿದರು.

"ಕೈ ಚೆನ್ನಾಗಿದೆ. ಮಕ್ಕಳ ಯೂನಿಫಾರ್ಮ್ ಎಲ್ಲಾ ನಿನಗೇ ಕೊಡೋಣ ಅಂತಿದ್ದೀನಿ. ಆದ್ರೆ ಒಂದೇ ಮಿಷನ್ ಇಟ್ಕೊಂಡು ಶಾಲೆ ಶುರುವಾಗೋದ್ರೊಳಗೆ ಮುಗಿಸೋಕಾಗಲ್ಲ. ಇನ್ನೊಂದು ಹಾಕ್ತೀಯಾ? ಭಾನುವಾರದೊಳಗೆ ಹೇಳು."

ಮಿಷನ್‌ಗೇನೂ ಬರವಿರಲಿಲ್ಲ. ನನ್ನಕ್ಕನ ಮನೆಯಲ್ಲಿ ಒಂದು ಸುಮ್ಮನೆ ಕುಳಿತಿತ್ತು. ಹೊಲಿಯಲು ಅಕ್ಕನೇ ಬರಲು ತಯಾರಿದ್ದಳು. ಇಲ್ಲದ್ದು ಜಾಗ ಮಾತ್ರ. ಆ ಚಿಕ್ಕ ಕೋಣೆ ಸಿಕ್ಕರೆ ಕೆಲಸ ನನ್ನದು, ಸಿಗದಿದ್ದರೆ ಬೇರೆ ಯಾರದೋ. ನನಗೆ ಎರಡು ದಿನ ಅನ್ನವೇ ರುಚಿಸಲಿಲ್ಲ. ಕೊನೆಗೆ ಧೈರ್ಯ ಮಾಡಿ ಕೇಳಿದೆ.

"ಮಾವ, ಆ ಕೋಣೆ ನನಗೆ ಬೇಕಿತ್ತು."

ಮಾವ ನನ್ನ ಮಿಷನ್ ಮೇಜಿನ ಬಳಿ ಬಂದು ಅದರ ಒಂದು ಕಾಲನ್ನು ತೋರಿಸಿದರು. ಆ ಮೂಲೆಯಲ್ಲಿ ನೆಲ ಸ್ವಲ್ಪ ತಗ್ಗು. ಹಿಂದೊಮ್ಮೆ ಮೇಜು ಗಡಗಡ ಅಲ್ಲಾಡುತ್ತದೆ ಎಂದು ನಾನು ಗೊಣಗಿದ್ದಾಗ, ಮಾವ ತಮ್ಮದೊಂದು ಸತ್ತ ಮೊಬೈಲ್ ಫೋನನ್ನು ಆ ಕಾಲಿನ ಕೆಳಗೆ ತೂರಿಸಿದ್ದರು. ಅಳತೆ ಮಾಡಿ ಮಾಡಿಸಿದ ಹಾಗೆ ಕೂತಿತ್ತು. ಅಂದಿನಿಂದ ಯಾರೇ ಅವರ ಆಸ್ತಿಯ ಬಗ್ಗೆ ಮಾತೆತ್ತಿದರೂ ಅವರ ಬೆರಳು ಆ ಕಾಲಿನ ಕಡೆಗೇ ಹೋಗುತ್ತಿತ್ತು.

"ನೋಡು, ಅವತ್ತು ಬಿಸಾಕಿದ್ರೆ ಇವತ್ತು ನಿನ್ನ ಮೇಜು ನಿಲ್ತಿತ್ತಾ? ಎಲ್ಲದಕ್ಕೂ ಒಂದು ದಿನ ಬರುತ್ತಮ್ಮ."

ಅವರದೇ ಸಾಕ್ಷಿ, ಅದೂ ನನ್ನ ಮೇಜಿನ ಕೆಳಗೆ.

ಆದರೆ ಆ ಮೇಜು ಇತ್ತೀಚೆಗೆ ಒಂದು ಚೇಷ್ಟೆ ಶುರುಮಾಡಿತ್ತು. ದಾರದ ರೀಲ್ ಇಟ್ಟರೆ ಸಾಕು, ಉರುಳಿಕೊಂಡು ಹೋಗಿ ಕೆಳಗೆ ಬೀಳುತ್ತಿತ್ತು. ಮಾವ ಬಗ್ಗಿ ನೋಡಿ, ಎದುರಿನ ಕಾಲುಗಳ ಕೆಳಗೆ ರಟ್ಟು ಮಡಿಸಿ ಇಟ್ಟರು. ಸರಿಹೋಯಿತು. ಕೆಲವು ದಿನ ಕಳೆದ ಮೇಲೆ ರೀಲ್ ಮತ್ತೆ ಉರುಳಿತು. ಮಾವ ಮತ್ತೆ ರಟ್ಟು ಇಟ್ಟರು.

"ಮನೆ ಆ ಕಡೆ ಕುಸೀತಿದೆ ಅನ್ಸುತ್ತೆ," ಎಂದರು ಚಿಂತೆಯಿಂದ.

"ಕುಸೀದೆ ಏನ್ಮಾಡುತ್ತೆ," ಎಂದರು ಅತ್ತೆ. "ಆ ಕೋಣೆಯ ಭಾರ ಸಾಲದಾ?"

ಶುಕ್ರವಾರ ಮಧ್ಯಾಹ್ನ ಕಂಡಕ್ಟರಮ್ಮ ಬಂದರು. ಮಾವನ ಬಸ್ಸಿನಲ್ಲಿ ಬಹಳ ವರ್ಷ ಟಿಕೆಟ್ ಹರಿದವರು, ಅವರೂ ಈಗ ನಿವೃತ್ತರು. ಮನೆಯಲ್ಲಿ ಯಾರ ಮಾತನ್ನೂ ಕೇಳದ ಮಾವ ರಸ್ತೆಯಲ್ಲಿ ಅವರ ಮಾತಿಲ್ಲದೆ ಬಸ್ಸನ್ನು ಒಂದು ಗೇಣೂ ಮುಂದಕ್ಕೆ ಬಿಟ್ಟವರಲ್ಲ. ಈಗ ಕಂಡಕ್ಟರಮ್ಮ ಬಸ್ ಡಿಪೋ ಪಕ್ಕದ ಇ-ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಕೆಲಸ ಮಾಡುತ್ತಾರೆ. ಕೆಟ್ಟ ಟಿವಿ, ಫೋನು, ಬ್ಯಾಟರಿಗಳನ್ನು ಜನರಿಂದ ಪಡೆದು, ವಿಂಗಡಿಸಿ, ಮರುಬಳಕೆಯ ಕಾರ್ಖಾನೆಗೆ ಕಳಿಸುವ ಜಾಗ ಅದು.

ಅವತ್ತು ಬಂದದ್ದು ಮೊಮ್ಮಗಳ ಫ್ರಾಕಿನ ಅಂಚು ಬಿಚ್ಚಿಸಲು. ನಾನು ಮಿಷನ್ ಓಡಿಸುತ್ತಿದ್ದೆ. ಕೆಂಪು ರೀಲ್ ಎಂದಿನಂತೆ ಉರುಳಿ ಅವರ ಪಾದದ ಬಳಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲ. ಮೇಜಿನ ಕಾಲನ್ನೇ ನೋಡುತ್ತಿದ್ದರು.

"ಹೋಲ್ಡಾನ್," ಎಂದರು.

ಅದು ಬಸ್ ನಿಲ್ಲಿಸುವ ದನಿ. ನಾನು ಮಿಷನ್ ನಿಲ್ಲಿಸಿದೆ. ನೀರಿನ ಲೋಟ ಹಿಡಿದು ಬರುತ್ತಿದ್ದ ಮಾವ ನಿಂತಲ್ಲೇ ಬ್ರೇಕ್ ಹಾಕಿದರು, ಅರ್ಧ ಲೋಟ ಅಂಗಿಯ ಮೇಲೆ ಚೆಲ್ಲಿತು.

"ಪ್ಲಗ್ ತೆಗಿ ಮಗಳೇ. ಡ್ರೈವರಣ್ಣ, ಆ ಮೂಲೆ ಮೆಲ್ಲಗೆ ಎತ್ತಿ. ಜರ್ಕ್ ಹೊಡೀಬೇಡಿ."

ಮಾವ ಎತ್ತಿದರು. ನಾನೂ ಬಗ್ಗಿ ನೋಡಿದೆ. ಹಲ್ಲುನೋವು ಬಂದವರ ಕೆನ್ನೆಯ ಹಾಗೆ ಫೋನು ಊದಿಕೊಂಡಿತ್ತು. ಹಿಂದಿನ ಮುಚ್ಚಳ ಬಾಯಿ ಬಿಟ್ಟು, ಒಳಗಿನ ಬ್ಯಾಟರಿ ಉಬ್ಬಿ ಹೊರಗೆ ಇಣುಕುತ್ತಿತ್ತು. ಮನೆ ಕುಸಿದಿರಲಿಲ್ಲ, ಮೇಜನ್ನು ಫೋನೇ ಮೇಲೆತ್ತುತ್ತಿತ್ತು.

ಕಂಡಕ್ಟರಮ್ಮ ತಗಡಿನ ಕಸದ ಮೊರವನ್ನು ಮೆಲ್ಲಗೆ ಅದರಡಿ ಜಾರಿಸಿದರು. ಒತ್ತಲಿಲ್ಲ, ಕುಲುಕಲಿಲ್ಲ. ಅಂಗಳಕ್ಕೆ ಒಯ್ದು, ಹಳೆಯ ಕಬ್ಬಿಣದ ಬಾಂಡಲಿಯಲ್ಲಿ ಒಣ ಮರಳು ಹಾಕಿಸಿ ಅದರ ಮೇಲಿಟ್ಟರು. ಸುತ್ತ ಕಾಗದ, ಬಟ್ಟೆ ಏನೂ ಇರದಂತೆ ನೋಡಿಕೊಂಡರು. ಆಮೇಲೆ ಒಳಗೆ ಬಂದು ಕುಳಿತು ಬೆವರೊರೆಸಿಕೊಂಡರು.

"ಬ್ಯಾಟರಿ ಊದಿದ್ರೆ ಒಳಗೆ ಗಾಳಿ ಕಟ್ಟಿದೆ ಅಂತ. ಒತ್ತಿದ್ರೆ, ಚುಚ್ಚಿದ್ರೆ, ಚಾರ್ಜಿಗೆ ಹಾಕಿದ್ರೆ ಬೆಂಕಿ ಹತ್ತಬಹುದು. ನೀವು ಅದರ ಮೇಲೆ ಮಿಷನ್ ಓಡಿಸ್ತಿದ್ರಲ್ಲ. ಸುತ್ತ ಬರೀ ಬಟ್ಟೆ."

ಮಾವನ ಮುಖ ಇಳಿದುಹೋಯಿತು. ನನ್ನ ತಲೆಯ ಮೇಲೆ ಕೈಯಿಟ್ಟು, "ತಪ್ಪಾಯ್ತಮ್ಮ," ಎಂದರು. ಅವರನ್ನು ಹಾಗೆ ನೋಡಿ ನನಗೇ ಸಂಕಟವಾಯಿತು.

"ನಿಮಗೇನು ಕನಸು ಬಿದ್ದಿತ್ತಾ ಮಾವ," ಎಂದೆ. "ಮೇಜು ನಿಲ್ಲಲಿ ಅಂತ ತಾನೇ ಇಟ್ಟಿದ್ದು."

"ಅದಿರಲಿ," ಎಂದರು ಕಂಡಕ್ಟರಮ್ಮ. "ಇದರ ಅಣ್ಣತಮ್ಮಂದಿರು ಎಲ್ಲಿದ್ದಾರೆ?"

ಅತ್ತೆ ಕಾಯುತ್ತಿದ್ದವರಂತೆ ಚಿಕ್ಕ ಕೋಣೆಯ ಕಡೆ ಕೈ ತೋರಿಸಿದರು. ಕಂಡಕ್ಟರಮ್ಮ ಸ್ವಲ್ಪ ದಪ್ಪ. ಅರ್ಧ ತೆರೆದ ಬಾಗಿಲಿನಲ್ಲಿ ಅರ್ಧ ನುಸುಳಿ, ಅಲ್ಲೇ ಸಿಕ್ಕಿಕೊಂಡು, ಅಲ್ಲಿಂದಲೇ ಕೂಗಿದರು. "ಏನು ಡ್ರೈವರಣ್ಣ, ಸೀಟು ಮೀರಿ ತುಂಬಿಸಿದ್ದೀರಲ್ಲ. ಚೆಕಿಂಗ್‌ನವರು ಬಂದ್ರೆ ಏನ್ಮಾಡ್ತಿದ್ರಿ?"

ಅತ್ತೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಮಾವನಿಗೂ ನಗು ಬಂತು, ಆದರೂ ಸೋಲೊಪ್ಪಲಿಲ್ಲ.

"ಎಲ್ಲಾ ದುಡಿದ ಸಾಮಾನು ಕಂಡಕ್ಟರಮ್ಮ. ಕಸ ಅಂತ ಹೇಗೆ ಬಿಸಾಕಲಿ?"

"ಕಸ ಅಂತ ಹೇಳಿದ್ಯಾರು? ನಮ್ಮ ಹಳೇ ಬಸ್ಸು ಏನಾಯ್ತು ಹೇಳಿ. ಡಿಪೋದಲ್ಲಿ ಬಿಚ್ಚಿ, ಚೆನ್ನಾಗಿರೋ ಭಾಗ ಬೇರೆ ಬಸ್ಸಿಗೆ ಹಾಕಿದ್ರು. ಉಳಿದ ಕಬ್ಬಿಣ ಕರಗಿಸೋಕೆ ಹೋಯ್ತು. ಇದೂ ಹಾಗೇ. ಈ ವೈರುಗಳಲ್ಲಿ ತಾಮ್ರ ಇದೆ. ಫ್ಯಾನಲ್ಲಿ ಅಲ್ಯೂಮಿನಿಯಂ ಇದೆ. ಫೋನಿನೊಳಗಿನ ಹಸಿರು ಹಲಗೆ ಇದೆಯಲ್ಲ, ಅದರಲ್ಲಿ ಚೂರುಪಾರು ಚಿನ್ನ, ಬೆಳ್ಳೀನೂ ಇರುತ್ತೆ. ಅಷ್ಟು ಲೋಹ ಮತ್ತೆ ಕೈಗೆ ಬಂದ್ರೆ, ಅಷ್ಟು ಮಟ್ಟಿಗೆ ಹೊಸದಾಗಿ ನೆಲ ಅಗೆಯೋದು ತಪ್ಪುತ್ತೆ."

"ಚಿನ್ನ ಇದೆಯಾ?" ಎಂದರು ಅತ್ತೆ, ದನಿ ಇಳಿಸಿ. "ಹಾಗಾದ್ರೆ ನಾವೇ ತೆಗೀಬಹುದಲ್ಲ?"

"ತೆಗೆಯೋಕೆ ಹೋಗ್ಬೇಡಿ ಅಕ್ಕ. ಸಾಸಿವೆ ಕಾಳಿನಷ್ಟೂ ಸಿಗಲ್ಲ, ಆಸಿಡ್ಡಲ್ಲಿ ಕೈ ಸುಟ್ಕೋತೀರಿ ಅಷ್ಟೇ. ಅದಕ್ಕೆ ಅಂತಾನೇ ಕಾರ್ಖಾನೆ ಇದೆ."

ಅತ್ತೆ ತಮ್ಮ ಚಿನ್ನದ ಗಣಿಯನ್ನು ಅಲ್ಲಿಗೇ ಮುಚ್ಚಿದರು. ಮಾವ ಇನ್ನೊಂದು ದಾರಿ ಹುಡುಕಿದರು.

"ಗುಜರಿಯವನಿಗೆ ಕೊಟ್ರೆ ನಾಲ್ಕು ಕಾಸಾದ್ರೂ ಸಿಗುತ್ತಲ್ಲ?"

"ಪರವಾನಗಿ ಇಲ್ಲದೋರಿಗೆ ಕೊಟ್ರೆ ತಾಮ್ರಕ್ಕೋಸ್ಕರ ವೈರಿಗೆ ಬೆಂಕಿ ಹಾಕ್ತಾರೆ. ಆ ಹೊಗೆ ವಿಷ. ಸುಡೋರ ಎದೆಗೇ ಮೊದಲು ಹೋಗುತ್ತೆ, ಆಮೇಲೆ ನಮ್ಮ ಮಕ್ಕಳಿಗೆ. ಈ ಹಳೇ ಟಿವಿ ಗಾಜಲ್ಲಿ ಸೀಸ ಇದೆ, ಒಡೆದು ಎಲ್ಲಿ ಬಿಸಾಕಿದ್ರೂ ಮಣ್ಣು, ನೀರು ಕೆಡಿಸುತ್ತೆ. ಟ್ಯೂಬ್‌ಲೈಟಲ್ಲಿ ಪಾದರಸ. ಅದಕ್ಕೇ ಇವನ್ನ ಮನೆ ಕಸದ ಜೊತೆಗೂ ಹಾಕ್ಬಾರದು."

ಕಂಡಕ್ಟರಮ್ಮ ಬಾಗಿಲಿನಿಂದ ಬಿಡಿಸಿಕೊಂಡು ಹೊರಬಂದ ಮೇಲೆ ಮಾವ ಒಳಗೆ ನುಸುಳಿ, ಒಂದು ಹಳೆಯ ಫೋನನ್ನು ಕೈಗೆತ್ತಿಕೊಂಡು ಉಜ್ಜಿದರು. "ಇದರೊಳಗೆ ಫೋಟೋ ಎಲ್ಲಾ ಇವೆ. ಯಾರ್ಯಾರ ಕೈಗೋ ಸಿಕ್ಕಿದ್ರೆ?"

"ಸರಿಯಾದ ಪ್ರಶ್ನೆ ಕೇಳಿದ್ರಿ. ಸಿಮ್, ಮೆಮೊರಿ ಕಾರ್ಡ್ ತೆಗೆದಿಟ್ಕೊಳ್ಳಿ. ಆನ್ ಆಗೋ ಫೋನಾದ್ರೆ ಬೇಕಾದ ಫೋಟೋ ಬೇರೆ ಕಡೆ ಇಳಿಸ್ಕೊಂಡು, ಒಳಗಿದ್ದಿದ್ದೆಲ್ಲಾ ಅಳಿಸಿ ಕೊಡಿ. ಆಗದಿದ್ರೆ ನಮ್ಮಲ್ಲಿ ಹೇಳಿ, ಒಳಗಿನ ಚಿಪ್ ಪುಡಿ ಮಾಡಿಸ್ತೀವಿ."

ಮಾವ ಫೋನನ್ನು ಕೆಳಗಿಟ್ಟರು. ಟಿವಿಯ ಬೆನ್ನನ್ನು ಸವರುತ್ತ ನಿಂತರು. ಕೊನೆಗೆ ಸಣ್ಣ ದನಿಯಲ್ಲಿ ಹೇಳಿದರು. "ಎಲ್ಲಾ ಸತ್ತಿದೆ ಅಂತೀರಾ? ಒಂದೂ ಮಲಗಿಲ್ವಾ?"

ಕಂಡಕ್ಟರಮ್ಮ ಅವರನ್ನೇ ನೋಡಿದರು. ಆಮೇಲೆ ಸೆರಗು ಬಿಗಿದುಕೊಂಡರು. "ನಾಳೆ ನೋಡೇಬಿಡೋಣ. ನಮ್ಮಲ್ಲೂ ಮೊದಲು ಹೀಗೇ ನೋಡೋದು. ರಿಪೇರಿ ಆಗೋದನ್ನ ಒಡೆಯೋದು ತಪ್ಪು."

ಶನಿವಾರ ಬೆಳಿಗ್ಗೆ ಕಂಡಕ್ಟರಮ್ಮ ಕೇಂದ್ರದ ಗಾಡಿಯಲ್ಲಿ ರಿಪೇರಿಯವರನ್ನೂ ಕರೆದುಕೊಂಡು ಬಂದರು. ಕೋಣೆಯ ಸಾಮಾನೆಲ್ಲ ಒಂದೊಂದಾಗಿ ಅಂಗಳಕ್ಕೆ ಬಂತು. ರಿಪೇರಿಯವರು ಬಿಚ್ಚಿ, ಮುಟ್ಟಿ, ಮೂಸಿ ನೋಡಿ ತಲೆಯಾಡಿಸುತ್ತಿದ್ದರು. ಮಿಕ್ಸಿ ಹೋಯಿತು. ಕಂಪ್ಯೂಟರ್ ಹೋಯಿತು. ಟೇಪ್ ರೆಕಾರ್ಡರಿನೊಳಗಿಂದ ಒಂದು ಹಲ್ಲಿ ಓಡಿಹೋಯಿತು. ಪ್ರತಿಯೊಂದಕ್ಕೂ ಮಾವನ ಭುಜ ಒಂದಿಷ್ಟು ಇಳಿಯುತ್ತಿತ್ತು. ಅಕ್ಕಪಕ್ಕದವರು ಬೇಲಿಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದರು.

ಕೊನೆಗೆ ಉಳಿದದ್ದು ಆ ಪುಟ್ಟ ರೇಡಿಯೊ. ಒಳಗೆ ಹಳೆಯ ಸೆಲ್‌ಗಳು ಸೋರಿ ತಂತಿಗೆ ಹಸಿರು ಕಿಲುಬು ಹಿಡಿದಿತ್ತು. ರಿಪೇರಿಯವರು ಕಿಲುಬನ್ನು ಉಜ್ಜಿ ತೆಗೆದು, ಹೊಸ ಸೆಲ್ ಹಾಕಿ, ಗುಂಡಿ ತಿರುಗಿಸಿದರು. ಏನೂ ಇಲ್ಲ. ಇನ್ನೊಮ್ಮೆ ತಿರುಗಿಸಿದರು. ಕರಕರ ಎಂದಿತು. ಆಮೇಲೆ ಯಾರೋ ಹೆಣ್ಣುಮಗಳು ನಮ್ಮ ಅಂಗಳದಲ್ಲೇ ನಿಂತಷ್ಟು ಸ್ಪಷ್ಟವಾಗಿ ಹಾಡತೊಡಗಿದಳು.

"ನಾನು ಹೇಳ್ಲಿಲ್ವಾ," ಎಂದರು ಮಾವ. "ಮಲಗಿತ್ತು ಅಂತ ಹೇಳ್ಲಿಲ್ವಾ?"

ಅತ್ತೆ ಏನೋ ಚುಚ್ಚು ಮಾತು ಹೇಳುತ್ತಾರೆಂದು ಎಲ್ಲರೂ ಅವರ ಮುಖ ನೋಡಿದೆವು. ಅವರು ಸುಮ್ಮನೆ ಬಂದು ರೇಡಿಯೊದ ದನಿ ಜೋರು ಮಾಡಿದರು.

"ಇದು ನಿಮ್ಮ ಹತ್ರಾನೇ ಇರಲಿ," ಎಂದರು ಕಂಡಕ್ಟರಮ್ಮ. "ಮಿಕ್ಕಿದ್ದು ಇಲ್ಲೇ ಬಿದ್ದಿದ್ರೆ ಏಳಲ್ಲ ಡ್ರೈವರಣ್ಣ. ನಮ್ಮ ಕೈಗೆ ಕೊಟ್ರೆ ಏಳುತ್ತೆ. ಇದೇ ರೂಪದಲ್ಲಿ ಅಲ್ಲ, ಬೇರೆ ಏನೋ ಆಗಿ."

ಮಾವ ಬಹಳ ಹೊತ್ತು ಯೋಚಿಸಲಿಲ್ಲ. ಅಂಗಿಯ ತೋಳು ಮಡಚಿ, ದೊಡ್ಡ ಟಿವಿಯ ಒಂದು ಬದಿಗೆ ಕೈ ಹಾಕಿ, "ಇನ್ನೊಂದು ಕಡೆ ಯಾರು ಹಿಡೀತೀರಿ?" ಎಂದರು. ನನ್ನ ಗಂಡ ಓಡಿದರು. ಬೇಲಿಯಾಚೆಯ ಮನೆಯವರೂ ಇದನ್ನೆಲ್ಲ ನೋಡಿ ಸುಮ್ಮನಿರಲಾರದೆ ಒಳಗೆ ಹೋಗಿ, ತಮ್ಮ ಮಂಚದಡಿಯ ಕೆಟ್ಟ ಸಾಮಾನಿನ ಪೆಟ್ಟಿಗೆಯನ್ನು ಎಳೆದು ತಂದರು.

ಕಂಡಕ್ಟರಮ್ಮ ಊದಿದ ಫೋನನ್ನು ಮರಳಿನ ಸಮೇತ ಬೇರೆ ಡಬ್ಬಿಯಲ್ಲಿ ಇಟ್ಟುಕೊಂಡರು. ಕೇಂದ್ರದ ಗಾಡಿ ತುಂಬಿತು. ಡ್ರೈವರ್ ಇಂಜಿನ್ ಶುರುಮಾಡಿ ಕಂಡಕ್ಟರಮ್ಮನ ಕಡೆ ನೋಡಿದ. ಕಂಡಕ್ಟರಮ್ಮ ಮಾವನ ಕಡೆ ನೋಡಿದರು.

"ಇಷ್ಟು ವರ್ಷ ನಾನು ಹೇಳಿದೆ, ನೀವು ಬಸ್ ಬಿಟ್ರಿ. ಇವತ್ತು ಸಾಮಾನು ನಿಮ್ಮದು. ನೀವೇ ಹೇಳಿ."

ಮಾವ ಗಾಡಿಯ ಹತ್ತಿರ ಹೋದರು. ಅದರ ಮೈಮೇಲೆ ಅಂಗೈಯಿಂದ ಎರಡು ಸಲ ಬಡಿದರು.

"ರೈಟ್," ಎಂದರು.

ಗಾಡಿ ಹೊರಟಿತು. ನಾನು ಒಳಗೆ ಓಡಿ ಚಿಕ್ಕ ಕೋಣೆಯ ಬಾಗಿಲು ತಳ್ಳಿದೆ. ಅದು ಹೋಗಿ ಗೋಡೆಗೆ ತಾಗಿತು. ಆ ಬಾಗಿಲು ಗೋಡೆ ಮುಟ್ಟಿದ್ದನ್ನು ನಾನು ಈ ಮನೆಗೆ ಬಂದಮೇಲೆ ನೋಡಿದ್ದು ಅದೇ ಮೊದಲು. ಕಿಟಕಿ ಇದೆ ಎಂಬುದೂ ಅಂದೇ ಗೊತ್ತಾಯಿತು.

ಈಗ ಆ ಕಿಟಕಿಯ ಪಕ್ಕ ಎರಡು ಮಿಷನ್‌ಗಳು ಓಡುತ್ತಿವೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಅಕ್ಕ. ಮಾವ ಗುಂಡಿ ಹೊಲಿಯುವುದನ್ನು ಕಲಿತಿದ್ದಾರೆ, ರೇಡಿಯೊ ಕೇಳುತ್ತ ಹೊಲಿಯುತ್ತಾರೆ. ಶಾಲೆ ಶುರುವಾದ ದಿನ ಹೊಸ ಯೂನಿಫಾರ್ಮ್ ಹಾಕಿಕೊಂಡ ಮಕ್ಕಳು ನಮ್ಮ ಮನೆ ಮುಂದೆ ಹಾದುಹೋಗುವಾಗ ಎಲ್ಲಾ ತಾವೇ ಹೊಲಿದವರ ಹಾಗೆ ಮಾವ ಬಾಗಿಲಲ್ಲಿ ನಿಂತಿದ್ದರು. ಈ ಕೋಣೆಯ ನೆಲವೂ ಸ್ವಲ್ಪ ತಗ್ಗು, ಮೇಜಿನ ಕಾಲಿನ ಕೆಳಗೆ ಈಗ ಒಂದು ಮರದ ತುಂಡು ಇದೆ. ರೀಲ್ ಇಟ್ಟ ಜಾಗದಲ್ಲೇ ಇರುತ್ತದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಅರ್ಧ ತೆರೆಯುವ ಬಾಗಿಲೋ, ಮುಚ್ಚಲಾಗದ ಡ್ರಾಯರೋ ಒಂದು ಇದ್ದೇ ಇರುತ್ತದೆ. ಇವತ್ತೇ ಒಮ್ಮೆ ಒಳಗೆ ಇಣುಕಿ. ರಿಪೇರಿ ಆಗುವುದನ್ನು ರಿಪೇರಿ ಮಾಡಿಸಿ ಬಳಸಿ, ಇಲ್ಲವೇ ಬೇಕಾದವರಿಗೆ ಕೊಡಿ. ಆಗದ್ದನ್ನು ಒಡೆಯಬೇಡಿ, ಸುಡಬೇಡಿ, ಕಸದ ಬುಟ್ಟಿಗೆ ಹಾಕಬೇಡಿ. ಊದಿದ ಬ್ಯಾಟರಿ ಕಂಡರೆ ಒತ್ತದೆ, ಚುಚ್ಚದೆ ದೂರವಿಟ್ಟು ತಿಳಿದವರಿಗೆ ಹೇಳಿ. ನಿಮ್ಮೂರಿನ ಇ-ತ್ಯಾಜ್ಯ ಸಂಗ್ರಹ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿ, ಅಲ್ಲಿಗೇ ತಲುಪಿಸಿ.

ನಿಮ್ಮ ಕೋಣೆಗೂ ಒಂದು ಕಿಟಕಿ ಇರಬಹುದು. ಗಾಡಿ ತಯಾರಾಗಿ ನಿಂತಿದೆ, ರೈಟ್ ಹೇಳಬೇಕಾದವರು ನೀವು.