ಪರಸ್ಥಾನಕ್ಕೆ ಇಟ್ಟ ಪೆಟ್ಟಿಗೆ

ನಾನು ಒಂದು ಸೂಟ್‌ಕೇಸ್. ಬಟ್ಟೆಯ ಮೈ, ನೀಲಿ ಬಣ್ಣ, ಎರಡು ಚಕ್ರ. ಚಂದ ಮಾಡಿ ಹೇಳುವ ಅಭ್ಯಾಸ ನನಗಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಾನು ಹುಟ್ಟಿದ ಕಾರ್ಖಾನೆಯಲ್ಲಿ ನನ್ನಂಥವರನ್ನು ಒಬ್ಬರೊಳಗೆ ಒಬ್ಬರಂತೆ ತುರುಕಿ ಹಡಗಿಗೆ ಹಾಕುತ್ತಿದ್ದರು. ನಾನು ನಡುವಿನವನು. ಹೊಟ್ಟೆಯೊಳಗೆ ಒಬ್ಬ, ಮೈಮೇಲೆ ಒಬ್ಬ. ಉಸಿರುಗಟ್ಟುವುದು ಎಂದರೇನೆಂದು ಹುಟ್ಟಿದ ವಾರವೇ ಕಲಿತೆ.

ಹಡಗು ಇಳಿಸಿದ್ದು ಗಲ್ಫಿನ ಒಂದು ಪಟ್ಟಣದಲ್ಲಿ. ಮೊದಲು ಕೊಂಡವನು ಯಾವುದೋ ಕಚೇರಿಯ ಸಾಹೇಬ. ಒಂದೇ ಪ್ರಯಾಣದಲ್ಲಿ ನನ್ನ ಚಕ್ರ ಮುರಿದ. ಆಮೇಲೆ ಕಸದ ಡ್ರಮ್ಮಿನ ಪಕ್ಕ ನಿಲ್ಲಿಸಿ ತಿರುಗಿಯೂ ನೋಡದೆ ಹೋದ. ಅಲ್ಲಿಂದ ಎತ್ತಿಕೊಂಡವನು ಚಂದ್ರ ದೇವಾಡಿಗ. ಬೈಂದೂರು ಕಡೆಯವನು, ಆ ಪಟ್ಟಣದಲ್ಲಿ ಟೈಲರ್. ಹಳೆಯ ಮಕ್ಕಳ ಗಾಡಿಯ ಚಕ್ರ ಬಿಚ್ಚಿ ನನಗೆ ಕೂರಿಸಿದ, ಹರಿದ ಜಿಪ್ಪನ್ನು ದಪ್ಪ ನೂಲಿನಲ್ಲಿ ಹೊಲಿದ. ಮಂಚದ ಕೆಳಗೆ ತಳ್ಳಿದ.

ಮಂಚದ ಕೆಳಗಿನಿಂದ ನೋಡುವವನಿಗೆ ಮನುಷ್ಯರೆಂದರೆ ಪಾದಗಳು. ಚಂದ್ರನ ಬಲಗಾಲಿನ ಹೆಬ್ಬೆರಳು ಮಲಗಿದಾಗಲೂ ಮಿಷನ್ ತುಳಿಯುವಂತೆ ಅಲ್ಲಾಡುತ್ತಿತ್ತು. ಅವನ ಹೆಂಡತಿ ಪ್ರಮೀಳಾಳ ಕಾಲುಂಗುರ ನೆಲಕ್ಕೆ ಟಕಟಕ ತಾಗುತ್ತಿತ್ತು. ಅವರ ಮಗಳು ಪೂರ್ವಿಗೆ ಆಗ ನಾಲ್ಕು ವರ್ಷ. ಅವಳೊಬ್ಬಳೇ ನನ್ನ ಹತ್ತಿರ ಬಗ್ಗಿ ಬರುತ್ತಿದ್ದಳು. ಅಮ್ಮ ಊಟಕ್ಕೆ ಕರೆದರೆ ನನ್ನ ಹಿಂದೆ ಅಡಗುತ್ತಿದ್ದಳು.

ಒಂದು ದಿನ ಊರಿನಿಂದ ಫೋನ್ ಬಂತು. ಚಂದ್ರನ ತಾಯಿ ಸೀತಮ್ಮ ಅಂಗಳದಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಳು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಪೂರ್ವಿಗೆ ಶಾಲೆಯಲ್ಲಿ ಆಗಷ್ಟೇ ಸೀಟು ಸಿಕ್ಕಿತ್ತು, ಬಿಟ್ಟರೆ ಹೋಯಿತು. ಮಗುವನ್ನು ಗಂಡನ ಬಳಿ ಬಿಟ್ಟು ಪ್ರಮೀಳಾ ನನ್ನನ್ನು ಎಳೆದುಕೊಂಡು ಹೊರಟಳು.

"ಬೇಗ ಬತ್ತೆ ಮಗಾ" ಎಂದಳು. ಮಗು ನನ್ನ ಹಿಡಿಕೆಯನ್ನು ಬಿಡಲೇ ಇಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಮುದುಕಿಯ ಮೂಳೆ ಕೂಡಲು ಅವಸರ ಮಾಡಲಿಲ್ಲ. ಚಂದ್ರ ಫೋನಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ: "ಆರ್ ತಿಂಗ್ಳ್ ದಾಟಿರೆ ನಿನ್ ವೀಸಾ ತನ್ನಷ್ಟಕ್ಕೇ ರದ್ದಾತ್ತ್. ಅದ್ರೊಳ್ಗೆ ಬಾ ಮಾರಾಯ್ತಿ." ಅವನೇ ಟಿಕೆಟ್ ಮಾಡಿಸಿದ; ಮುದುಕಿಯನ್ನು ನೋಡಿಕೊಳ್ಳಲು ಪಕ್ಕದ ಮನೆಯ ಮುಕಾಂಬು ಒಪ್ಪಿದ್ದಳು. ಹೊರಡುವ ದಿನಕ್ಕೆ ಅಮಾವಾಸ್ಯೆ ಬಿದ್ದಿತ್ತು. ಸೀತಮ್ಮ ಮಲಗಿದಲ್ಲಿಂದಲೇ ಕೂಗಾಡಿದಳು.

"ಅಮಾಸಿ ದಿನ ಹೊರ್ಡುಕಾಗ ಹೆಣ್ಣೇ! ನನ್ ಕಾಲ್ ಮುರ್ದದ್ದ್ ಸಾಕಾಯ್ಲಿಲ್ಯಾ ನಿಂಗೆ?"

"ಅಲ್ಲ ಅತ್ತೆ, ದಿನ ದಾಟಿರೆ ಕಷ್ಟ ಅಂತ್ರ್."

"ಎರ್ಡ್ ದಿನಕ್ಕೆ ಎಂತ ಕಷ್ಟ? ಶುಕ್ರವಾರ ಒಳ್ಳೆ ದಿನ. ಆವತ್ತೇ ಪೆಟ್ಟಿ ಮುಕಾಂಬು ಮನಿಯಂಗೆ ಪರಸ್ಥಾನ ಇಡು. ಅಲ್ಲಿಗೆ ನೀ ಹೊರ್ಟ ಲೆಕ್ಕ. ಅಮಾಸಿ ಕಳ್ದ್ ಮೇಲೆ ವಿಮಾನ ಹತ್ತ್."

ಇದು ಇಲ್ಲಿನ ರೂಢಿ. ಒಳ್ಳೆಯ ದಿನ ತಾನೇ ಹೊರಡಲಾಗದವರು ತಮ್ಮ ಗಂಟನ್ನು ಹೊಸಿಲು ದಾಟಿಸಿ ಬೇರೆ ಮನೆಯಲ್ಲಿಡುತ್ತಾರೆ. ಪೆಟ್ಟಿಗೆ ಹೊರಟರೆ ಮನುಷ್ಯ ಹೊರಟಂತೆ. ಶುಕ್ರವಾರದ ವಿಮಾನದಲ್ಲಿ ಜಾಗವಿರಲಿಲ್ಲ; ಪ್ರಮೀಳಾ ಅತ್ತೆಯ ಮಾತಿಗೆ ತಲೆ ಆಡಿಸಿ ಟಿಕೆಟ್ ಮುಂದೆ ಹಾಕಿಸಿದಳು. ನನಗೆ ಬಾಯಿ ಇದ್ದಿದ್ದರೆ ಇಬ್ಬರಿಗೂ ಬೈಯುತ್ತಿದ್ದೆ.

ಶುಕ್ರವಾರ ನನ್ನನ್ನು ಪಕ್ಕದ ಮನೆಯ ಮುಕಾಂಬುವಿನ ಜಗುಲಿಗೆ ತಂದಿಟ್ಟರು. ಹಪ್ಪಳ, ಉಪ್ಪಿನಕಾಯಿ, ಮಗಳಿಗೊಂದು ಹಳದಿ ಫ್ರಾಕು ತುಂಬಿ ಬೀಗ ಹಾಕಿದ್ದರು. ಅಮಾವಾಸ್ಯೆ ಕಳೆಯಿತು. ಅಲ್ಲಿಂದಲೇ ವಿಮಾನ ನಿಲ್ದಾಣಕ್ಕೆ ಹೋದೆವು. ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ನೋಡಿ ಪಾಸ್‌ಪೋರ್ಟನ್ನು ಹಿಂದಕ್ಕೆ ತಳ್ಳಿದಳು.

"ನಿಮ್ಮ ವೀಸಾ ರದ್ದಾಗಿದೆ ಮೇಡಂ. ಆರು ತಿಂಗಳು ದಾಟಿದೆ."

"ಅಲ್ಲ ಅಮ್ಮ, ನಾನು ಶುಕ್ರವಾರವೇ ಹೊರಟಿದ್ದೇನೆ" ಎಂದಳು ಪ್ರಮೀಳಾ. ಎಂಥ ಮಾತು! ಕಂಪ್ಯೂಟರಿಗೆ ಪರಸ್ಥಾನ ಗೊತ್ತಿರುತ್ತದೆಯೇ? ಹಿಂದಿದ್ದವರು ನಕ್ಕರು. ಅವಳು ಎಲ್ಲರೆದುರಿಗೆ ನನ್ನ ಮೇಲೆ ಕುಸಿದು ಕೂತಳು. ಅವಳ ಅಳು ನನ್ನ ಮುಚ್ಚಳದ ಮೂಲಕ ಒಳಗಿನ ಹಪ್ಪಳದವರೆಗೂ ನಡುಗಿತು.

ಮನೆಗೆ ಬಂದರೆ ಮುದುಕಿ ಇನ್ನೊಂದು ತೆಗೆದಳು: "ಹೊರ್ಟ ಪೆಟ್ಟಿ ಹೋಗ್ದೇ ಒಳ್ಗ್ ಬಪ್ಪುಕಾಗ, ಬೀಗ ತೆಗುಕೂ ಆಗ." ಹೀಗೆ ನಾನು ಮತ್ತೆ ಮುಕಾಂಬುವಿನ ಜಗುಲಿಗೆ ಬಿದ್ದೆ. ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ. ಗೋಡೆಗೆ ಮುಖ ಮಾಡಿ, ಬೀಗ ಹಾಕಿಸಿಕೊಂಡು, ಭತ್ತದ ಚೀಲದ ಪಕ್ಕ.

ಹೊಸ ವೀಸಾಕ್ಕೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಯಿತು. ಗಲ್ಫಿನಲ್ಲಿ ಅವಳು ಅಷ್ಟು ವರ್ಷ ಬಾಳಿದ್ದು, ಹೆತ್ತದ್ದು ಯಾವುದೂ ಲೆಕ್ಕಕ್ಕಿಲ್ಲ. ಮದುವೆಯಾದದ್ದಕ್ಕೆ ಮತ್ತೆ ಸಾಕ್ಷಿ, ಅದಕ್ಕೆ ಮತ್ತೆ ಮುದ್ರೆ. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆಂದು ಪ್ರಮೀಳಾ ಗೇರುಬೀಜದ ಕಾರ್ಖಾನೆಗೆ ಹೋಗತೊಡಗಿದಳು. ಸಂಜೆ ಬಂದು ನನ್ನ ಮೇಲೆ ಕೂತು ಮಗಳಿಗೆ ಫೋನ್ ಮಾಡುತ್ತಿದ್ದಳು.

ಮೊದಮೊದಲು ಪೂರ್ವಿ, "ಅಮ್ಮಾ, ಈಗ್ ಬತ್ಯಾ?" ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದು ಬಿಟ್ಟಳು. ಆಮೇಲೆ ಚಂದ್ರ ಕರೆದರೂ ಫೋನಿನ ಹತ್ತಿರ ಬರಲಿಲ್ಲ. ಕಾರ್ಟೂನಿನ ಸದ್ದು ಮಾತ್ರ ಕೇಳುತ್ತಿತ್ತು. ಪ್ರಮೀಳಾ ಆ ಸದ್ದನ್ನೇ ಕೇಳುತ್ತ ಕೂರುತ್ತಿದ್ದಳು.

ಕೊನೆಗೆ ಬೆರಳಚ್ಚು ಕೊಡಲು ಕರೆ ಬಂತು. ಹೋದವಳು ಸಂಜೆ ಮುಖ ಕಪ್ಪಗೆ ಮಾಡಿಕೊಂಡು ಬಂದಳು.

"ಎಂತ ಆಯ್ತ್ ಹೆಣ್ಣೇ?" ಎಂದಳು ಮುಕಾಂಬು.

"ಮಿಷನ್ನಿಗೆ ನನ್ ಬೆರ್ಳೇ ಕಾಣ್ತಿಲ್ಲೆ ಮುಕಾಂಬಕ್ಕ. ಗೇರ್ ಸೊನೆಗೆ ಚರ್ಮ ಎದ್ದ್ ಹೋಯ್ತ್. ಗೆರೆ ಒಂದೂ ಉಳೀಲಿಲ್ಲೆ."

"ಅಯ್ಯೋ! ಕೈಗೆ ಬೂದಿ, ಎಣ್ಣಿ ಹಚ್ಕಂಡಿದ್ದಿಲ್ಯಾ?"

"ಹಚ್ಚಿದ್ದೆ. ಬೀಜ ಸುಲೂಕೆ ಸಾಕಾಯ್ತ್. ವೀಸಾಕ್ಕೆ ಸಾಕಾಯ್ಲಿಲ್ಲೆ."

ಆ ದಿನವೇ ಕೆಲಸ ಬಿಟ್ಟಳು. ಚರ್ಮ ಬರುವವರೆಗೆ ಪಾತ್ರೆ ತೊಳೆಯಲಿಲ್ಲ, ಬಟ್ಟೆ ಒಗೆಯಲಿಲ್ಲ. ಕೋಲು ಊರಿ ನಡೆಯತೊಡಗಿದ್ದ ಸೀತಮ್ಮನೇ ಅವೆರಡನ್ನೂ ಮಾಡಿದಳು. ಯಾರೂ ಹೇಳಿರಲಿಲ್ಲ. ಸಂಜೆ ಸೊಸೆಯ ಬೆರಳಿಗೆ ತೆಂಗಿನೆಣ್ಣೆ ಹಚ್ಚಿ, ಚಿಮಣಿ ದೀಪದ ಹತ್ತಿರ ಹಿಡಿದು ಗೆರೆ ಹುಡುಕುತ್ತಿದ್ದಳಂತೆ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಮಳೆಯ ಎರಚಲಿಗೆ ನನ್ನ ತಳ ಕೊಳೆತಿತ್ತು.

ಗೆರೆ ಬಂತು. ಅಚ್ಚು ಬಿತ್ತು. ಒಂದು ಮಂಗಳವಾರ ವೀಸಾ ಬಂತು. ಪ್ರಮೀಳಾ ಆ ಸಂಜೆಯದೇ ಟಿಕೆಟ್ ಮಾಡಿಸಿದಳು. ಸೀತಮ್ಮ ಅಂಗಳಕ್ಕೆ ಬಂದು ಬಾಯಿ ತೆರೆದಳು.

"ಒಳ್ಳೆ ದಿನ, ಕೆಟ್ಟ ದಿನ ಕೇಣ್ಬೇಡಿ ಅತ್ತೆ" ಎಂದಳು ಪ್ರಮೀಳಾ.

"ದಿನ ಅಲ್ಲ, ಊಟ ಮಾಡ್ಕಂಡ್ ಹೋಗ್ ಅಂಬುಕೆ ಬಂದೆ" ಎಂದಳು ಮುದುಕಿ.

ಪ್ರಮೀಳಾ ನನ್ನ ಬಳಿ ಓಡಿ ಬಂದು ಬೀಗಕ್ಕೆ ಕೀಲಿ ಹಾಕಿದಳು. ತುಕ್ಕು ಹಿಡಿದ ಬೀಗ ತಿರುಗಲಿಲ್ಲ. ಎಳೆದ ರಭಸಕ್ಕೆ ಮುಚ್ಚಳವೇ ಹರಿದು ಬಂತು. ಹಪ್ಪಳಕ್ಕೆ ಬೂಸ್ಟು, ಫ್ರಾಕಿಗೆ ಇಲಿಯ ಹಲ್ಲು. ಒಂದು ಕ್ಷಣ ನೋಡಿದಳು. ಏನನ್ನೂ ತೆಗೆದುಕೊಳ್ಳದೆ, ಬರಿಯ ಕೈಚೀಲ ಹೆಗಲಿಗೆ ಹಾಕಿಕೊಂಡು ರಿಕ್ಷಾ ಹತ್ತಿದಳು. ನನ್ನನ್ನು ತಿರುಗಿ ನೋಡಲಿಲ್ಲ. ನೋಡಬಾರದು ಕೂಡ. ಆ ಒಂದು ಸಲ ನನಗೆ ಸಿಟ್ಟು ಬರಲಿಲ್ಲ.

ಈಗ ನನ್ನಲ್ಲಿ ಮುಕಾಂಬು ಹುಲ್ಲು ಹಾಸಿದ್ದಾಳೆ. ಒಂದು ಕೆಂಪು ಹೇಂಟೆ ಬಂದು ಕಾವು ಕೂರುತ್ತದೆ, ನನ್ನನ್ನು ಕುಕ್ಕುತ್ತದೆ. ಕುಕ್ಕಲಿ. ಮೊನ್ನೆ ಮುಕಾಂಬು ಇಲ್ಲೇ ನಿಂತು ಪ್ರಮೀಳಾಳೊಂದಿಗೆ ಫೋನಿನಲ್ಲಿ ಮಾತಾಡಿದಳು.

"ಮಗಳ್ ಹ್ಯಾಂಗಿದ್ಲ್ ಹೆಣ್ಣೇ? ಹತ್ರ ಬತ್ಲಾ?"

"ಮೊದ್ಲ್ ದಿನ ಆಂಟಿ ಅಂದ್ಲ್ ಮುಕಾಂಬಕ್ಕ. ಈಗ ನಿದ್ದಿಯಂಗೆ ಅಪ್ಕಂತಳ್. ಎಚ್ರ ಆದ್ ಕೂಡ್ಲೆ ಕೈ ತೆಗಿತಳ್."



ಬೀಗ ಬಿದ್ದದ್ದು ನನಗೊಬ್ಬನಿಗೇ ಎಂದು ಇಷ್ಟು ದಿನ ಸಿಟ್ಟಾಗಿದ್ದೆ. ವೀಸಾ ಕೊಡುವವರಿಗೆ ಹೊಸ ಬೆರಳಚ್ಚು ಸಾಕಾಯಿತು. ಆ ಮಗುವಿನ ಬಳಿ ಯಾವ ಕಚೇರಿಯೂ ಇಲ್ಲ, ಅರ್ಜಿಯೂ ಇಲ್ಲ. ಪ್ರಮೀಳಾ ದಿನಾ ರಾತ್ರಿ ಮಗಳ ಪಕ್ಕದಲ್ಲಿ ಅಲುಗಾಡದೆ ಮಲಗಿರುತ್ತಾಳಂತೆ, ಎಚ್ಚರವಾಗದಿರಲಿ ಎಂದು.